ಗ್ರೀಕರಲ್ಲೂ ಕಾದಂಬರಿ ಇತ್ತೇ?

ಓದುಗರ ಪ್ರಶ್ನೆ: ಪ್ರಾಚೀನ ಗ್ರೀಕರೆಂದರೆ ಹೋಮರನ ಕಾವ್ಯ, ಸೊಫೊಕ್ಲಿಸನ ನಾಟಕ ಎಂದಷ್ಟೇ ಓದಿದ್ದೇವೆ. ಅವರು ಕಾದಂಬರಿಯನ್ನೂ ಬರೆದಿದ್ದರೇ?

ಬರೆದಿದ್ದರು. ರೋಮನ್ನರ ಆಳ್ವಿಕೆಯ ಕಾಲದ 5 ಗ್ರೀಕ್ ಪ್ರೇಮಕಾದಂಬರಿಗಳು ಇಡಿಯಾಗಿ ಉಳಿದಿವೆ. ಇನ್ನು ಕೆಲವು ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಪಪೈರಸ್ ಚೂರುಗಳಲ್ಲಿವೆ. ನಾವು ಬಾಣಭಟ್ಟನ ಕೃತಿಯ ಹೆಸರನ್ನೇ ಈ ಪ್ರಕಾರಕ್ಕೆ ಇಟ್ಟುಕೊಂಡೆವು. ಗ್ರೀಕರು ಇದಕ್ಕೊಂದು ಗಟ್ಟಿ ಹೆಸರನ್ನೂ ಇಡಲಿಲ್ಲ.

ಕಥೆ ಹೆಚ್ಚುಕಡಿಮೆ ಒಂದೇ. ಪ್ರೇಮಿಗಳು ಅಗಲುತ್ತಾರೆ, ಹಡಗು ಒಡೆಯುತ್ತದೆ, ಕಡಲ್ಗಳ್ಳರು ಹಿಡಿಯುತ್ತಾರೆ, ಕೊನೆಗೆ ಇಬ್ಬರೂ ಕೂಡುತ್ತಾರೆ. ಲಾಂಗಸ್ ಎಂಬ ಲೇಖಕ ಮಾತ್ರ ತನ್ನ ಡ್ಯಾಫ್ನಿಸ್ ಮತ್ತು ಕ್ಲೋಯಿಯರನ್ನು ಲೆಸ್ಬೋಸ್ ದ್ವೀಪದ ಕುರಿ–ಮೇಕೆಗಳ ನಡುವೆಯೇ ಬೆಳೆಸುತ್ತಾನೆ. ಅಖಿಲೀಸ್ ಟೇಷಿಯಸ್ ಎಂಬವನ ಕಾದಂಬರಿಯಲ್ಲಿ ನಾಯಕಿಯನ್ನು ಬಲಿ ಕೊಟ್ಟಂತೆ ನಟಿಸುತ್ತಾರೆ: ಹೊಟ್ಟೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಪ್ರಾಣಿಯ ಕರುಳು, ನೆತ್ತರು, ಬಲಿ ಕೊಡುವವನ ಕೈಯಲ್ಲಿ ಅಲಗು ಹಿಡಿಯೊಳಗೆ ಸರಿಯುವ ನಾಟಕದ ಕತ್ತಿ!

ಇಷ್ಟೇ ಆಗಿದ್ದರೆ ರೋಚಕ ಕಥೆ ಎಂದು ಸುಮ್ಮನಾಗಬಹುದಿತ್ತು. ಇವು ನಿಜಕ್ಕೂ ಕಾದಂಬರಿಗಳೆಂದು ನನಗೆ ಮನವರಿಕೆ ಮಾಡಿಕೊಟ್ಟವಳು ಕಲಿರೋಯಿ. ಅವಳ ಕಥೆ ಬರೆದ ಖಾರಿಟಾನ್ ಅಫ್ರೊಡೀಸಿಯಾಸ್ ಊರಿನವನು, ವಕೀಲರೊಬ್ಬರ ಗುಮಾಸ್ತನೆಂದು ಮೊದಲ ಸಾಲಿನಲ್ಲೇ ಹೇಳಿಕೊಳ್ಳುತ್ತಾನೆ.

ಸಿಸಿಲಿಯ ಸಿರಾಕ್ಯೂಸ್ ನಗರದ ಕಲಿರೋಯಿಯನ್ನು ಗಂಡ ಖೈರಿಯಾಸ್ ಚಾಡಿಮಾತು ಕೇಳಿ ಒದೆಯುತ್ತಾನೆ. ಉಸಿರು ನಿಲ್ಲುತ್ತದೆ, ಸತ್ತಳೆಂದು ಸಮಾಧಿ ಮಾಡುತ್ತಾರೆ. ಒಳಗೆ ಎಚ್ಚರಗೊಂಡವಳನ್ನು ಸಮಾಧಿಗೆ ಕನ್ನ ಹಾಕಿದ ಕಳ್ಳರು ಹೊತ್ತೊಯ್ದು ದೂರದ ಮಿಲೀಟಸ್ ನಗರದಲ್ಲಿ ಮಾರುತ್ತಾರೆ. ಅಲ್ಲಿನ ಸಿರಿವಂತ ಡಯೊನೀಸಿಯಸ್ ಅವಳನ್ನು ಮೆಚ್ಚುತ್ತಾನೆ. ಅಷ್ಟರಲ್ಲಿ ತಾನು ಬಸುರಿ ಎಂದು ಅವಳಿಗೆ ತಿಳಿಯುತ್ತದೆ. ಮಗು ಗುಲಾಮನಾಗಿ ಹುಟ್ಟಬೇಕೇ? ಇವನನ್ನು ಮದುವೆಯಾಗಿ ಮಗು ಇವನದೇ ಎನ್ನಬೇಕೇ?

ಕೋಣೆಯ ಬಾಗಿಲು ಮುಚ್ಚಿ, ಗಂಡನ ಚಿತ್ರವನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ನಾವೀಗ ಮೂವರು, ಕೂಡಿ ತೀರ್ಮಾನಿಸೋಣ ಎನ್ನುತ್ತಾಳೆ. ಅವಳ ಮತ ಸಾವಿಗೆ. ಹೊಟ್ಟೆಯೊಳಗಿನ ಕೂಸಿನ ಮತ ಬದುಕಿಗೆ. ಗಂಡನಂತೂ ಮೊದಲೇ ಕನಸಿನಲ್ಲಿ ಬಂದು ಮಗುವನ್ನು ಅವಳಿಗೇ ಒಪ್ಪಿಸಿದ್ದಾನೆ. ಅವಳು ಮದುವೆಗೆ ಒಪ್ಪುತ್ತಾಳೆ. ಯಾವ ಕಡಲ್ಗಳ್ಳನೂ ಇಲ್ಲದ ಈ ಪುಟ್ಟ ಕೋಣೆಯಲ್ಲಿ, ಒಂದು ಮನಸ್ಸಿನ ಒಳಗೇ ಕಥೆ ನಡೆದುಬಿಡುತ್ತದೆ.

ಕೊನೆಯಲ್ಲಿ ಖೈರಿಯಾಸ್ ಸಿಗುತ್ತಾನೆ. ಮಗ ಡಯೊನೀಸಿಯಸ್ ಬಳಿಯೇ ಉಳಿಯುತ್ತಾನೆ. ಊರಿಗೆ ಹೊರಡುವ ಮುನ್ನ ಅವಳು ತನ್ನ ಕೈಯಾರೆ ಡಯೊನೀಸಿಯಸ್‌ಗೊಂದು ಪತ್ರ ಬರೆಯುತ್ತಾಳೆ: ಮಗನನ್ನು ಚೆನ್ನಾಗಿ ನೋಡಿಕೊ, ಮಲತಾಯಿಯ ಕೈಗೆ ಕೊಡಬೇಡ. ಖೈರಿಯಾಸನ ಹೊಟ್ಟೆಕಿಚ್ಚು ಅವಳಿಗೆ ಗೊತ್ತು. ಪತ್ರದ ವಿಷಯ ಅವನಿಗೆ ಹೇಳುವುದಿಲ್ಲ.