ಚಾಪ್ಲೆನ್: ಪದದ ಅರ್ಥ ಮತ್ತು ಹುಟ್ಟು

ಸೈನ್ಯ, ಆಸ್ಪತ್ರೆ, ಸೆರೆಮನೆ, ಕಾಲೇಜು, ಹಡಗು ಮುಂತಾದ ಕಡೆಗಳಲ್ಲಿ ಅಲ್ಲಿರುವವರ ಧಾರ್ಮಿಕ ಅಗತ್ಯಗಳನ್ನು ನೋಡಿಕೊಳ್ಳಲು ನೇಮಕಗೊಂಡ ಧರ್ಮಗುರುವೇ ಚಾಪ್ಲೆನ್. ಊರಿನ ಪಾದ್ರಿ ತನ್ನ ಚರ್ಚಿಗೂ ಅದರ ಸಭೆಗೂ ಹೊಣೆಗಾರರಾಗಿದ್ದರೆ, ಚರ್ಚಿಗೆ ಹೋಗಿಬರಲಾಗದ ಸೈನಿಕ, ರೋಗಿ ಅಥವಾ ಕೈದಿಯ ಬಳಿಗೆ ತಾನೇ ಹೋಗುವುದು ಚಾಪ್ಲೆನ್‌ನ ಕೆಲಸ.

ಈ ಪದದ ಮೂಲದಲ್ಲಿರುವುದು ಒಂದು ಹರಿದ ಮೇಲುಹೊದಿಕೆ. 4ನೇ ಶತಮಾನದಲ್ಲಿ ರೋಮನ್ ಸೈನ್ಯದಲ್ಲಿದ್ದ ಮಾರ್ಟಿನ್, ಕೊರೆಯುವ ಚಳಿಗಾಲದಲ್ಲಿ, ಇಂದಿನ ಫ್ರಾನ್ಸಿನ ಅಮಿಯೆನ್ ನಗರದ ಬಾಗಿಲಲ್ಲಿ ಮೈಮೇಲೆ ಬಟ್ಟೆಯಿಲ್ಲದ ಭಿಕ್ಷುಕನೊಬ್ಬನನ್ನು ಕಂಡು, ಕತ್ತಿಯಿಂದ ತನ್ನ ಹೊದಿಕೆಯನ್ನು ಎರಡಾಗಿ ಸೀಳಿ ಅರ್ಧವನ್ನು ಅವನಿಗೆ ಕೊಟ್ಟರೆಂಬುದು ಪ್ರತೀತಿ. ಅವರ ಜೀವನಚರಿತ್ರೆ ಬರೆದ ಶಿಷ್ಯ ಸುಲ್ಪಿಸಿಯಸ್ ಸೆವೆರಸ್ ಇಲ್ಲಿ ಒಂದು ವಿವರವನ್ನು ಸೇರಿಸುತ್ತಾನೆ: ಅರ್ಧ ಹೊದಿಕೆಯಲ್ಲಿ ನಿಂತ ಮಾರ್ಟಿನ್‌ರನ್ನು ನೋಡಿ ಕೆಲವರು ನಕ್ಕರು, ತಮ್ಮಲ್ಲಿ ಹೆಚ್ಚು ಇದ್ದೂ ಕೊಡಲಿಲ್ಲವಲ್ಲ ಎಂದು ಬೇರೆ ಕೆಲವರು ಮರುಗಿದರು. ಇಡೀ ಪ್ರಸಂಗದಲ್ಲಿ ಮನಸ್ಸಿಗೆ ನಾಟುವುದು ಈ ಮಾತೇ. ಮಾರ್ಟಿನ್ ಮುಂದೆ ಟೂರ್ ನಗರದ ಬಿಷಪ್ ಆಗಿ 397ರಲ್ಲಿ ತೀರಿಕೊಂಡರು.

ಲ್ಯಾಟಿನ್ನಿನಲ್ಲಿ ಹೊದಿಕೆಗೆ ‘ಕಪ್ಪಾ’ ಎಂದು ಹೆಸರು. ಮಾರ್ಟಿನ್‌ರದೆಂದು ನಂಬಲಾದ ಆ ಕಪ್ಪಾವನ್ನು ಇಂದಿನ ಫ್ರಾನ್ಸ್ ಭಾಗವನ್ನು ಆಳುತ್ತಿದ್ದ ಫ್ರಾಂಕ್ ಅರಸರು ಪವಿತ್ರ ಅವಶೇಷವಾಗಿ ಕಾಪಾಡಿಕೊಂಡು, ಅದರ ಮುಂದೆ ಪ್ರಮಾಣ ಮಾಡಿಸುತ್ತಿದ್ದರು, ಯುದ್ಧಕ್ಕೂ ಕೊಂಡೊಯ್ಯುತ್ತಿದ್ದರು. ಅದನ್ನಿಟ್ಟ ಜಾಗ ‘ಕಪ್ಪೆಲ್ಲಾ’ ಆಯಿತು. ಅದನ್ನು ಕಾಯುವ ಗುರುಗಳು ‘ಕಪ್ಪೆಲ್ಲಾನಿ’ ಆದರು ಎಂಬ ವಿವರಣೆಯನ್ನು 9ನೇ ಶತಮಾನದ ಸನ್ಯಾಸಿ ವಲಾಫ್ರಿಡ್ ಸ್ಟ್ರಾಬೊ ಆಗಲೇ ದಾಖಲಿಸಿದ್ದಾನೆ. ಓದುಬರಹ ಬಲ್ಲ ಈ ಗುರುಗಳು ಅರಮನೆಯ ಪತ್ರವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದರು. ಕಪ್ಪೆಲ್ಲಾದಿಂದ ಚಾಪೆಲ್ (ಸಣ್ಣ ಪ್ರಾರ್ಥನಾಲಯ) ಎಂಬ ಪದ ಬಂದಿತು. ಕಪ್ಪೆಲ್ಲಾನಸ್ ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ಚಾಪ್ಲೆನ್ ಆಯಿತು. ಚಾರ್ಲಿ ಚಾಪ್ಲಿನ್ನರ ಮನೆತನದ ಹೆಸರಿನ ಬೇರೂ ಇದೇ.

ಭಾರತಕ್ಕೆ ಈ ಹುದ್ದೆ ಈಸ್ಟ್ ಇಂಡಿಯಾ ಕಂಪನಿಯ ಜೊತೆಗೆ ಬಂದಿತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಡೆಗಳಿಗಾಗಿ 19ನೇ ಶತಮಾನದ ಆರಂಭದಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು ಆ ಕಾಲದ್ದು. ಇಂದಿನ ಭಾರತೀಯ ಭೂಸೇನೆಯಲ್ಲಿ ಇದೇ ಕೆಲಸ ಮಾಡುವವರನ್ನು ‘ಧರ್ಮಗುರು’ ಎನ್ನುತ್ತಾರೆ. ದಳದ ಸೈನಿಕರ ಧರ್ಮಕ್ಕೆ ತಕ್ಕಂತೆ ಪಂಡಿತರು, ಸಿಖ್ಖರ ಗ್ರಂಥಿಗಳು, ಮೌಲ್ವಿಗಳು, ಪಾದ್ರಿಗಳು ಈ ಸ್ಥಾನದಲ್ಲಿರುತ್ತಾರೆ. ಕ್ರೈಸ್ತ ಮೂಲದ ಹುದ್ದೆಯೊಂದು ಇಷ್ಟು ಧರ್ಮಗಳಿಗೆ ಹೊಂದಿಕೊಂಡಿದ್ದು ಸಣ್ಣ ಸಂಗತಿಯಲ್ಲ.

ಈ ಹುದ್ದೆಯ ಸ್ವರೂಪ ಅತ್ಯಂತ ಸ್ಪಷ್ಟವಾಗಿ ಕಾಣುವುದು 1949ರ ಮೂರನೆಯ ಜಿನೀವಾ ಒಪ್ಪಂದದ 33ನೇ ವಿಧಿಯಲ್ಲಿ. ಶತ್ರುವಿನ ಕೈಗೆ ಸಿಕ್ಕ ಚಾಪ್ಲೆನ್‌ರನ್ನು ಯುದ್ಧಕೈದಿಗಳೆಂದು ಪರಿಗಣಿಸುವಂತಿಲ್ಲ. ಸೆರೆಯಲ್ಲಿರುವ ಸೈನಿಕರ ಸೇವೆಗೆಂದು ಅವರನ್ನು ಉಳಿಸಿಕೊಂಡರೆ, ಶಿಬಿರದ ಹೊರಗೆ ದುಡಿಯುತ್ತಿರುವ ಅಥವಾ ಆಸ್ಪತ್ರೆಯಲ್ಲಿರುವ ಕೈದಿಗಳನ್ನು ಭೇಟಿಮಾಡಲು ವಾಹನ ಸೌಕರ್ಯವನ್ನೂ ಒದಗಿಸಬೇಕು.