ಹೂವು ಎಲ್ಲಿಂದ ಬಂತು? ನಕಲಾದ ಜೀನ್‌ಗಳ ಕಥೆ

ಕಾಡು ಗುಲಾಬಿಗೆ ಸಾಮಾನ್ಯವಾಗಿ ಐದೇ ದಳ. ನಡುವೆ ಹಳದಿ ಕೇಸರಗಳ ದೊಡ್ಡ ಗುಂಪು. ತೋಟದ ಗುಲಾಬಿಯಲ್ಲಿ ದಳದೊಳಗೆ ದಳ, ಕೇಸರವನ್ನು ಹುಡುಕಿ ನೋಡಬೇಕು. ಅಷ್ಟೊಂದು ದಳ ಎಲ್ಲಿಂದ ಬಂತು? ಕೇಸರ ಬರಬೇಕಿದ್ದ ಜಾಗದಲ್ಲೇ ದಳ ಬಂತು.

ಈ ಒಂದು ವಿಷಯ ಹಿಡಿದುಕೊಂಡರೆ ಹೂವಿನ ತಳಿವಿಜ್ಞಾನದ ಅರ್ಧ ದಾರಿ ಮುಗಿದಂತೆ. ಹೂವಿನ ಯಾವ ಅಂಗ ಎಲ್ಲಿ ಬರುತ್ತದೆ ಎಂದು ಹೇಳುವ ಎಬಿಸಿ ಮಾದರಿಯನ್ನು ನಾನು ಮೊದಲ ಸಲ ಮಗ್ಗಿ ಥರ ಬಾಯಿಪಾಠ ಮಾಡಿದ್ದೆ. ಎರಡೇ ದಿನಕ್ಕೆ ಮರೆತುಹೋಯಿತು. ಗುಲಾಬಿಯಿಂದ ಶುರು ಮಾಡಿದ ಮೇಲೆ ಮರೆತಿಲ್ಲ. ಅದಕ್ಕೇ ಇಲ್ಲೂ ಅದೇ ದಾರಿ.

ನಾಲ್ಕು ಸುತ್ತು, ಮೂರು ಅಕ್ಷರ

ಹೂವನ್ನು ಮೇಲಿನಿಂದ ನೋಡಿದರೆ ನಾಲ್ಕು ಸುತ್ತು ಕಾಣುತ್ತವೆ. ಹೊರಗೆ ಹಸಿರು ಪುಷ್ಪಪತ್ರ. ಅದರ ಒಳಗೆ ದಳ. ಆಮೇಲೆ ಕೇಸರ. ನಟ್ಟನಡುವೆ ಕಾರ್ಪೆಲ್, ಅಂದರೆ ಬೀಜ ಕಟ್ಟುವ ಕೋಣೆ.

1991ರಲ್ಲಿ ವಿಜ್ಞಾನಿಗಳಾದ ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೆಯೆರೊವಿಟ್ಜ್ ಇದಕ್ಕೆ ಒಂದು ಸರಳ ಲೆಕ್ಕ ಕೊಟ್ಟರು. ಆಂಟಿರೈನಮ್ ಮತ್ತು ಅರಾಬಿಡಾಪ್ಸಿಸ್ ಎಂಬ ಎರಡು ಗಿಡಗಳಲ್ಲಿ ಕೆಟ್ಟ ಹೂಗಳನ್ನು, ಅಂದರೆ ಅಂಗ ಅದಲುಬದಲಾದ ಹೂಗಳನ್ನು ನೋಡಿ ಕಟ್ಟಿದ ಲೆಕ್ಕ ಅದು. ಎ, ಬಿ, ಸಿ ಅಂದರೆ ಮೂರು ಥರದ ಜೀನ್‌ಗಳು. ಎ ಒಂದೇ ಇದ್ದರೆ ಪುಷ್ಪಪತ್ರ. ಎ ಮತ್ತು ಬಿ ಸೇರಿದರೆ ದಳ. ಬಿ ಮತ್ತು ಸಿ ಸೇರಿದರೆ ಕೇಸರ. ಸಿ ಒಂದೇ ಇದ್ದರೆ ಕಾರ್ಪೆಲ್. ಜೊತೆಗೆ ಇನ್ನೊಂದು ನಿಯಮ: ಎ ಮತ್ತು ಸಿಗೆ ಆಗಿಬರುವುದಿಲ್ಲ. ಒಂದು ಜಾಗ ಬಿಟ್ಟರೆ ಇನ್ನೊಂದು ಬಂದು ಕೂರುತ್ತದೆ.

ಈಗ ಸಿ ಕೆಟ್ಟಿತು ಅಂದುಕೊಳ್ಳಿ. ಮೂರನೇ ಸುತ್ತಿನಲ್ಲಿ ಬಿ ಇದೆ, ಸಿ ಬಿಟ್ಟ ಜಾಗಕ್ಕೆ ಎ ಬಂದಿದೆ. ಎ ಮತ್ತು ಬಿ ಸೇರಿದರೆ ದಳ ಅಲ್ವಾ? ಕೇಸರದ ಬದಲು ದಳ ಬಂತು. ನಾಲ್ಕನೇ ಸುತ್ತಿನಲ್ಲಿ ಎ ಒಂದೇ, ಹಾಗಾಗಿ ಪುಷ್ಪಪತ್ರ. ಕಥೆ ಅಲ್ಲಿಗೂ ನಿಲ್ಲುವುದಿಲ್ಲ. "ಸಾಕು, ಹೂವು ಮುಗಿಯಿತು" ಎಂದು ಹೇಳುವ ಕೆಲಸವೂ ಸಿ ಜೀನ್‌ನದ್ದೇ. ಅದು ಇಲ್ಲದಿದ್ದರೆ ಹೂವಿನ ಒಳಗೆ ಇನ್ನೊಂದು ಹೂವು, ಅದರೊಳಗೆ ಮತ್ತೊಂದು ಶುರುವಾಗುತ್ತದೆ. ಅರಾಬಿಡಾಪ್ಸಿಸ್‌ನಲ್ಲಿ ಈ ಜೀನ್ ಹೆಸರು ಅಗಾಮಸ್.

ತೋಟದ ಗುಲಾಬಿಯಲ್ಲಿ ಸಿ ಪೂರ್ತಿ ಕೆಟ್ಟಿಲ್ಲ. ಅದು ಕೆಲಸ ಮಾಡುವ ಜಾಗ ನಡುವಿಗೆ ಕುಗ್ಗಿದೆ, ಅಷ್ಟೇ. ಚೀನಾದ ಗುಲಾಬಿಗಳಲ್ಲೂ ಯುರೋಪಿನ ಗುಲಾಬಿಗಳಲ್ಲೂ ಬೆಳೆಗಾರರು ಜಾಸ್ತಿ ದಳದ ಹೂವನ್ನೇ ಆರಿಸುತ್ತ ಬಂದರು. ಬೇರೆ ಬೇರೆಯಾಗಿ ಆರಿಸಿದರೂ ಎರಡೂ ಕಡೆ ಕುಗ್ಗಿದ್ದು ಅದೇ ಜೀನ್‌ನ ಎಲ್ಲೆ.

ಟುಲಿಪ್ ಮತ್ತು ಲಿಲ್ಲಿಯಲ್ಲಿ ಹಸಿರು ಪುಷ್ಪಪತ್ರ ಕಾಣುವುದೇ ಇಲ್ಲ. ಅಲ್ಲಿ ಬಿ ಹೊರಗಿನ ಸುತ್ತಿಗೂ ಹರಡಿದೆ. ಅದಕ್ಕೇ ಎರಡೂ ಸುತ್ತು ದಳದ ಹಾಗೆ ಬಣ್ಣಬಣ್ಣ.

ಇಲ್ಲೊಂದು ಎಚ್ಚರಿಕೆ. ಈ ಮಾದರಿಯಲ್ಲಿ ಬಿ ಮತ್ತು ಸಿ ಗಟ್ಟಿ, ಎ ಸ್ವಲ್ಪ ಕುಂಟು. ಅರಾಬಿಡಾಪ್ಸಿಸ್ ಬಿಟ್ಟು ಬೇರೆ ಗಿಡಗಳಲ್ಲಿ ಎ ಕೆಲಸವನ್ನು ಅಷ್ಟೇ ಸ್ಪಷ್ಟವಾಗಿ ತೋರಿಸುವುದು ಕಷ್ಟವಾಗಿದೆ. ಪರೀಕ್ಷೆಗೆ ಬರೆಯುವಾಗ ಮೂರೂ ಸಮ ಅಂತ ಬರೆಯಿರಿ, ತೊಂದರೆ ಇಲ್ಲ. ಆದರೆ ಮನಸ್ಸಿನಲ್ಲಿ ಈ ವ್ಯತ್ಯಾಸ ಇರಲಿ.

ಎಲೆಯಿಂದ ದಳ

ಹೂವಿನ ಭಾಗಗಳೆಲ್ಲ ಮಾರ್ಪಟ್ಟ ಎಲೆಗಳು ಎಂದು ಜರ್ಮನ್ ಕವಿ ಗಯಟೆ 1790ರಲ್ಲೇ ಹೇಳಿದ್ದ. ಕವಿಯ ಮಾತು ಅಂತ ಸುಮ್ನೆ ಬಿಡುವ ಹಾಗಿಲ್ಲ. ಎ, ಬಿ, ಸಿ ಮೂರನ್ನೂ ಒಟ್ಟಿಗೆ ಕೆಡಿಸಿದರೆ ನಾಲ್ಕೂ ಸುತ್ತಿನಲ್ಲಿ ಎಲೆಯಂಥ ಅಂಗಗಳೇ ಬರುತ್ತವೆ.

ಹಾಗಾದರೆ ಉಲ್ಟಾ ಮಾಡಬಹುದಾ? ಎಲೆಯಲ್ಲಿ ಎ ಮತ್ತು ಬಿ ಚಾಲೂ ಮಾಡಿದರೆ ದಳ ಬರಬೇಕು. ಬರಲಿಲ್ಲ. ಏನೋ ಒಂದು ಕಮ್ಮಿ ಇತ್ತು. 2000ರಲ್ಲಿ ಅದು ಸಿಕ್ಕಿತು: ಸೆಪಲ್ಲಾಟಾ ಎಂಬ ಜೀನ್‌ಗಳ ಗುಂಪು. ಒಂದೇ ಕೆಲಸಕ್ಕೆ ಹಲವು ನಕಲು ಇದ್ದಿದ್ದರಿಂದ, ಒಂದನ್ನು ಕೆಡಿಸಿದರೆ ಇನ್ನೊಂದು ಸಂಭಾಳಿಸುತ್ತಿತ್ತು. ಅಷ್ಟು ದಿನ ಅದು ಕಣ್ಣಿಗೆ ಬೀಳದ್ದು ಅದಕ್ಕೇ. ಮೂರನ್ನು ಒಟ್ಟಿಗೆ ಕೆಡಿಸಿದಾಗ ಹೂವಿನಲ್ಲಿ ಬರೀ ಪುಷ್ಪಪತ್ರಗಳೇ ಉಳಿದವು. ಮುಂದಿನ ವರ್ಷವೇ ಇವನ್ನೂ ಸೇರಿಸಿ ಎಲೆಯನ್ನು ದಳದಂಥ ಅಂಗವಾಗಿ ಬದಲಿಸಿ ತೋರಿಸಿದರು.

ಈ ಜೀನ್‌ಗಳಲ್ಲಿ ಹೆಚ್ಚಿನವು ಮ್ಯಾಡ್ಸ್-ಬಾಕ್ಸ್ ಎಂಬ ಒಂದೇ ಕುಟುಂಬದವು. ಇವುಗಳ ಪ್ರೋಟೀನ್‌ಗಳು ನಾಲ್ಕು ನಾಲ್ಕಾಗಿ ಸೇರಿ ಡಿಎನ್‌ಎ ಹಿಡಿದು, ಬೇರೆ ಜೀನ್‌ಗಳನ್ನು ಚಾಲೂ ಅಥವಾ ಬಂದ್ ಮಾಡುತ್ತವೆ. ಯಾವ ನಾಲ್ಕು ಸೇರಿದವು ಅನ್ನುವುದರ ಮೇಲೆ ಅಂಗ ಯಾವುದು ಎಂದು ತೀರ್ಮಾನ.

ಒಂದೇ ಕುಟುಂಬದಲ್ಲಿ ಇಷ್ಟೊಂದು ಸದಸ್ಯರು ಹೇಗೆ ಬಂದರು? ನಕಲಾಗಿ. ನನ್ನ ಪ್ರಕಾರ ಇಡೀ ವಿಷಯದ ಬೆನ್ನೆಲುಬು ಇದೇ. ಪೈನ್‌ನಂಥ ಹೂವಿಲ್ಲದ ಬೀಜಸಸ್ಯಗಳಲ್ಲೂ ಬಿ ಮತ್ತು ಸಿ ಜೀನ್‌ಗಳ ನೆಂಟರು ಇದ್ದಾರೆ. ಅಲ್ಲಿ ಸಿ ಥರದ್ದು ಗಂಡು ಹೆಣ್ಣು ಎರಡೂ ಶಂಕುಗಳಲ್ಲಿ, ಬಿ ಥರದ್ದು ಗಂಡು ಶಂಕುವಿನಲ್ಲಿ ಕೆಲಸ ಮಾಡುತ್ತದೆ. ಗಂಡು ಎಲ್ಲಿ, ಹೆಣ್ಣು ಎಲ್ಲಿ ಎಂದು ಹೇಳುವ ಸ್ವಿಚ್ಚು ಹೂವಿಗಿಂತ ಮೊದಲೇ ಇತ್ತು. ಹೂವು ಅದನ್ನೇ ನಕಲು ಮಾಡಿಕೊಂಡು ಬೆಳೆಯಿತು.

ಅಣ್ಣನ ಕೆಲಸ ತಮ್ಮನಿಗೆ

ಒಂದು ಜೀನ್ ನಕಲಾದರೆ ಏನಾಗುತ್ತದೆ? ಹೆಚ್ಚಿನ ಸಲ ಒಂದು ನಕಲು ಕೆಟ್ಟು ಅಳಿಸಿಹೋಗುತ್ತದೆ. ಕೆಲವು ಸಲ ಹಳೆಯ ಕೆಲಸವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಅಪರೂಪಕ್ಕೆ ಒಬ್ಬನಿಗೆ ಹೊಸ ಕೆಲಸ ಸಿಗುತ್ತದೆ. ಪುಸ್ತಕದಲ್ಲಿ ಇದನ್ನು ಓದಿದಾಗ ಒಣ ಒಣ ಅನಿಸುತ್ತದೆ. ಒಂದು ನಿಜವಾದ ಉದಾಹರಣೆ ನೋಡೋಣ, ನನಗೆ ತುಂಬಾ ಇಷ್ಟವಾದದ್ದು.

ಅರಾಬಿಡಾಪ್ಸಿಸ್ ಮತ್ತು ಆಂಟಿರೈನಮ್ ಬೇರೆಯಾಗುವ ಮೊದಲೇ ಸಿ ಜೀನ್ ನಕಲಾಗಿತ್ತು. ಹಾಗಾಗಿ ಎರಡೂ ಗಿಡಕ್ಕೆ ಅಣ್ಣ ತಮ್ಮ ಇಬ್ಬರೂ ಆಸ್ತಿಯಾಗಿ ಬಂದರು. ಅರಾಬಿಡಾಪ್ಸಿಸ್‌ನಲ್ಲಿ ಕೇಸರ, ಕಾರ್ಪೆಲ್ ಮಾಡುವ ಮುಖ್ಯ ಕೆಲಸ ಅಣ್ಣನದು, ಅವನೇ ಅಗಾಮಸ್. ತಮ್ಮನ ಕಡೆಯವರು ಕಾಯಿ ಒಣಗಿ ಸಿಡಿಯುವ ಗೆರೆ ಹಾಕುವ ಕೆಲಸಕ್ಕೆ ಹೋದರು. ಅವರ ಹೆಸರು ಷಾಟರ್‌ಪ್ರೂಫ್. ಆಂಟಿರೈನಮ್‌ನಲ್ಲಿ? ಅಲ್ಲಿ ಮುಖ್ಯ ಕೆಲಸ ಮಾಡುವ ಜೀನ್ ಪ್ಲೀನಾ. ಅಗಾಮಸ್ ಮತ್ತು ಪ್ಲೀನಾ ಒಂದೇ ಜೀನ್ ಎಂದು ಬಹಳ ದಿನ ನಂಬಿದ್ದರು. ವಂಶಾವಳಿ ಬರೆದು ನೋಡಿದರೆ ಪ್ಲೀನಾ ತಮ್ಮನ ಕಡೆಯದ್ದು! ಅಣ್ಣನ ಕಡೆಯ ಜೀನ್ ಅಲ್ಲಿ ಹಿಂದಿನ ಸೀಟಿಗೆ ಹೋಗಿದೆ. ಅದು ಕೆಟ್ಟರೆ ಹೂವು ಮುಕ್ಕಾಲುಪಾಲು ಸರಿಯಾಗೇ ಇರುತ್ತದೆ, ಪರಾಗ ಮಾತ್ರ ಕೆಡುತ್ತದೆ. ಅದಕ್ಕೆ ಇಟ್ಟ ಹೆಸರು ಫಾರಿನೆಲ್ಲಿ. 18ನೇ ಶತಮಾನದ ಇಟಲಿಯ ಪ್ರಸಿದ್ಧ ಗಾಯಕ ಅವನು, ಬಾಲ್ಯದಲ್ಲೇ ವೃಷಣ ತೆಗೆಸಿಕೊಂಡವನು. ಜೀನ್‌ಗೆ ಹೆಸರಿಡುವವರ ಹಾಸ್ಯ ಹೀಗಿರುತ್ತದೆ.

ಎರಡೂ ಗಿಡದಲ್ಲಿ ಕೆಲಸ ಒಂದೇ, ಮಾಡುವವರು ಬೇರೆ. ನಕಲು ಎರಡು ಇದ್ದಾಗ ಯಾರು ಯಾವ ಪಾಲು ಹಿಡಿದರು ಅನ್ನುವುದರಲ್ಲಿ ಆಕಸ್ಮಿಕಕ್ಕೂ ಜಾಗ ಇದೆ.

ಡಾರ್ವಿನ್‌ನ ತಲೆನೋವು

1879ರ ಜುಲೈನಲ್ಲಿ ಡಾರ್ವಿನ್ ತನ್ನ ಗೆಳೆಯ, ಸಸ್ಯವಿಜ್ಞಾನಿ ಜೋಸೆಫ್ ಹೂಕರ್‌ಗೆ ಪತ್ರ ಬರೆದ. ಹೂಬಿಡುವ ಸಸ್ಯಗಳು ಭೂಮಿಯ ಇತಿಹಾಸದಲ್ಲಿ ಇಷ್ಟು ತಡವಾಗಿ ಬಂದು ಇಷ್ಟು ಬೇಗ ಹೇಗೆ ಹರಡಿದವು ಎಂಬುದು ಅವನಿಗೆ ಸಹಿಸಲಾಗದ ಒಗಟು. ವಿಕಾಸ ನಿಧಾನ ಎಂದು ವಾದಿಸಿದವನಿಗೆ ಈ ಅವಸರ ಕಿರಿಕಿರಿ ಮಾಡಿತ್ತು.

ಖಚಿತ ಎಂದು ಒಪ್ಪಿಕೊಂಡ ಅತಿ ಹಳೆಯ ಪರಾಗದ ಪಳೆಯುಳಿಕೆಗಳು ಸುಮಾರು 13.5 ಕೋಟಿ ವರ್ಷ ಹಿಂದಿನವು. ಡಿಎನ್‌ಎ ಹೋಲಿಸಿ ಮಾಡಿದ ಲೆಕ್ಕಗಳು ಹೆಚ್ಚಾಗಿ ಅದಕ್ಕಿಂತ ತುಂಬಾ ಹಿಂದೆ ಹೋಗುತ್ತವೆ. ಈ ಜಗಳ ಇನ್ನೂ ಮುಗಿದಿಲ್ಲ. ಇಂದು ಹೂಬಿಡುವ ಸಸ್ಯಗಳಲ್ಲಿ ಸುಮಾರು 3 ಲಕ್ಷ ಪ್ರಭೇದಗಳಿವೆ.

ಒಗಟಿಗೆ ಒಂದು ಕೀಲಿಕೈ ಸಿಕ್ಕಿದ್ದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ. ಅಂಬೊರೆಲ್ಲಾ ಎಂಬ ಗಿಡ ಕಾಡಿನಲ್ಲಿ ಬೆಳೆಯುವುದು ಅಲ್ಲಿ ಮಾತ್ರ. ಸಣ್ಣ ಮರದಂಥ ಪೊದೆ, ಕೆಲವೇ ಮಿಲಿಮೀಟರ್‌ನ ಕೆನೆ ಬಣ್ಣದ ಹೂವು, ಗಂಡು ಹೆಣ್ಣು ಬೇರೆ ಬೇರೆ ಗಿಡಗಳಲ್ಲಿ. 1999ರಲ್ಲಿ ಹಲವು ತಂಡಗಳು ಡಿಎನ್‌ಎ ಹೋಲಿಸಿ ಒಂದೇ ಉತ್ತರಕ್ಕೆ ಬಂದವು: ಇಂದು ಬದುಕಿರುವ ಹೂಗಿಡಗಳಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಶಾಖೆ ಇದರದ್ದು.

ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೆ. ಅಂಬೊರೆಲ್ಲಾ ಎಲ್ಲ ಹೂಗಳ ಅಜ್ಜಿ ಎಂದು ಬರೆದು ಅಂಕ ಕಳೆದುಕೊಂಡೆ. ಅದು ಅಜ್ಜಿ ಅಲ್ಲ, ಅಜ್ಜಿಯ ಇನ್ನೊಬ್ಬ ಮಗಳ ಕಡೆಯ ಸಂಬಂಧಿ. ಅದೂ ನಮ್ಮ ಗುಲಾಬಿಯಷ್ಟೇ ಕಾಲ ವಿಕಾಸವಾಗಿದೆ. ಆದರೆ ಎರಡೂ ಕಡೆ ಇರುವ ಗುಣ ಅಜ್ಜಿಗೂ ಇದ್ದಿರಬೇಕು ಎಂದು ಊಹಿಸಲು ಅದು ಬೇಕೇ ಬೇಕು.

2013ರಲ್ಲಿ ಇದರ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದಿ ಮುಗಿಸಿದರು. ಎಲ್ಲ ಹೂಗಿಡಗಳೂ ಬೇರೆಯಾಗುವ ಮೊದಲೇ ಪೂರ್ವಜ ಸಸ್ಯದ ಇಡೀ ಜೀನೋಮ್ ಒಮ್ಮೆ ದ್ವಿಗುಣವಾಗಿತ್ತು ಎಂಬುದಕ್ಕೆ ಅದರಲ್ಲಿ ಗುರುತು ಸಿಕ್ಕಿತು. ಒಂದೆರಡು ಜೀನ್ ಅಲ್ಲ, ಪೂರ್ತಿ ಗಂಟೇ ಎರಡಾಯಿತು! ಬೇರೆ ಶಾಖೆಗಳಲ್ಲಿ ಆಮೇಲೂ ಇಂಥ ನಕಲು ಮತ್ತೆ ಮತ್ತೆ ಆಗಿ ಹಳೆಯ ಗುರುತು ಮಸುಕಾಗಿದೆ. ಅಂಬೊರೆಲ್ಲಾದಲ್ಲಿ ಆಮೇಲೆ ಆಗಿಲ್ಲ.

ಆಮೇಲೆ ಆದದ್ದೂ ಸಣ್ಣದಲ್ಲ. ಗುಲಾಬಿ, ಟೊಮ್ಯಾಟೊ, ದ್ರಾಕ್ಷಿ ಎಲ್ಲಕ್ಕೂ ಸೇರಿದ ಒಬ್ಬ ಪೂರ್ವಜನಲ್ಲಿ ಜೀನೋಮ್ ಮೂರು ಪಟ್ಟಾಯಿತು. 2007ರಲ್ಲಿ ದ್ರಾಕ್ಷಿಯ ಜೀನೋಮ್ ಓದಿದಾಗ ಅದು ಎದ್ದು ಕಂಡಿತು. ಇನ್ನು ಅರಾಬಿಡಾಪ್ಸಿಸ್ ಕಥೆ ಕೇಳಿ. ಜೀನೋಮ್ ಸಣ್ಣದು, ಐದೇ ಜೊತೆ ಕ್ರೋಮೋಸೋಮ್, ಓದಲು ಸುಲಭ ಎಂದು ಅದನ್ನು ಆರಿಸಿದ್ದರು. 2000ರಲ್ಲಿ ಓದಿ ನೋಡಿದರೆ ಅದರೊಳಗೂ ಹಳೆಯ ನಕಲುಗಳ ತುಂಡುಗಳೇ ತುಂಬಿದ್ದವು.

ಬೀಜದೊಳಗಿನ ಮೂರನೇ ಪಾಲು

ಇದು ಚಿಕ್ಕ ವಿಷಯ, ಆದರೆ ಪ್ರಶ್ನೆಪತ್ರಿಕೆಯಲ್ಲಿ ಬಂದೇ ಬರುತ್ತದೆ. 1898ರಲ್ಲಿ ಸಸ್ಯವಿಜ್ಞಾನಿ ಸೆರ್ಗೇ ನವಾಷಿನ್ ಇಮ್ಮಡಿ ಗರ್ಭಧಾರಣೆ ಕಂಡುಹಿಡಿದ. ಪರಾಗನಾಳ ಎರಡು ವೀರ್ಯಕೋಶ ತರುತ್ತದೆ. ಒಂದು ಅಂಡದ ಜೊತೆ ಸೇರಿ ಭ್ರೂಣವಾಗುತ್ತದೆ. ಇನ್ನೊಂದು ನಡುವಿನ ಕೋಶದ ಜೊತೆ ಸೇರಿ ಭ್ರೂಣಾಹಾರ ಆಗುತ್ತದೆ. ಗೋಧಿ, ಜೋಳದ ಕಾಳಿನ ಬಹುಪಾಲು ಅದೇ. ಅದರಲ್ಲಿ ಸಾಮಾನ್ಯವಾಗಿ ತಾಯಿಯದು ಎರಡು ಪಾಲು, ತಂದೆಯದು ಒಂದು. ಆದರೆ ನೈದಿಲೆಯ ಕುಟುಂಬದಲ್ಲಿ ತಾಯಿಯದೂ ಒಂದೇ ಪಾಲು, ಅಲ್ಲಿ ಲೆಕ್ಕ ಸಮಸಮ. "ಎಲ್ಲ ಹೂಗಿಡಗಳಲ್ಲೂ ಮೂರು" ಎಂದು ಬರೆದರೆ ತಪ್ಪು.

ಕಣ್ಣೆದುರೇ ಹುಟ್ಟಿದ ಪ್ರಭೇದ

ಇಡೀ ಜೀನೋಮ್ ದ್ವಿಗುಣವಾಗುವುದು ಕೋಟಿ ವರ್ಷದ ಹಿಂದಿನ ಮಾತು ಅಂದುಕೊಳ್ಳಬೇಡಿ. 20ನೇ ಶತಮಾನದ ಮೊದಲ ದಶಕಗಳಲ್ಲಿ ಟ್ರಾಗೊಪೊಗನ್ ಎಂಬ ಯುರೋಪಿನ ಕಳೆಗಿಡದ ಮೂರು ಪ್ರಭೇದಗಳು ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡೆ ಬಂದು ಸೇರಿದವು. ಒಂದೇ ಜಾಗದಲ್ಲಿ ಬೆಳೆದು ಬೆರಕೆಯಾದವು. ಪ್ರತಿಯೊಂದಕ್ಕೂ 12 ಕ್ರೋಮೋಸೋಮ್. ಬೆರಕೆ ಗಿಡಕ್ಕೂ 12, ಆದರೆ ಆರು ಒಬ್ಬರದು, ಆರು ಇನ್ನೊಬ್ಬರದು. ಪರಾಗ ಮಾಡುವ ಹೊತ್ತಿಗೆ ಕ್ರೋಮೋಸೋಮ್‌ಗಳು ಜೋಡಿ ಹುಡುಕಬೇಕು. ಸರಿಯಾದ ಜೋಡಿ ಇಲ್ಲ. ಹಾಗಾಗಿ ಗಿಡ ಹೆಚ್ಚುಕಮ್ಮಿ ಬಂಜೆ.

ಈಗ ಎಲ್ಲವೂ ಒಮ್ಮೆ ದ್ವಿಗುಣವಾದರೆ? 24 ಆಯಿತು. ಪ್ರತಿಯೊಂದಕ್ಕೂ ತನ್ನದೇ ನಕಲು ಜೋಡಿಯಾಗಿ ಸಿಕ್ಕಿತು. ಗಿಡ ಬೀಜ ಕಟ್ಟಿತು. ಆದರೆ ತಂದೆ ತಾಯಿ ಪ್ರಭೇದಗಳ ಜೊತೆ ಬೆರೆತರೆ ಮತ್ತೆ ಲೆಕ್ಕ ತಪ್ಪುತ್ತದೆ. ಅಂದರೆ ಅದು ಹೊಸ ಪ್ರಭೇದ. 1950ರಲ್ಲಿ ಸಸ್ಯವಿಜ್ಞಾನಿ ಮ್ಯಾರಿಯನ್ ಓನ್ಬೀ ಇಂಥ ಎರಡು ಪ್ರಭೇದಗಳನ್ನು ವಿವರಿಸಿದ. ಬ್ರೆಡ್ಡಿನ ಗೋಧಿ ಹುಟ್ಟಿದ್ದೂ ಇದೇ ದಾರಿಯಲ್ಲಿ, ಅದೂ ಎರಡು ಸಲ: ಮೂರು ಹುಲ್ಲುಗಳ ಜೀನೋಮ್ ಸೇರಿ ಒಟ್ಟು 42 ಕ್ರೋಮೋಸೋಮ್.

ಟ್ರಾಗೊಪೊಗನ್ ವಿಜ್ಞಾನಿಗಳಿಗೆ ಇಷ್ಟವಾಗಲು ಕಾರಣ ಅದರ ವಯಸ್ಸು. ಹೆಚ್ಚಾಗಿ ಎರಡು ವರ್ಷಕ್ಕೆ ಒಂದು ತಲೆಮಾರು, ಹಾಗಾಗಿ ಹುಟ್ಟಿ ಸುಮಾರು 40 ತಲೆಮಾರು ಆಗಿತ್ತು, ಅಷ್ಟೇ. ಜೀನ್‌ಗಳನ್ನು ಎಣಿಸಿ ನೋಡಿದರೆ ಅಷ್ಟರಲ್ಲೇ ಹಲವು ನಕಲುಗಳು ಕಳೆದುಹೋಗಿದ್ದವು. ಬೇರೆ ಬೇರೆ ಊರುಗಳಲ್ಲಿ ಸ್ವತಂತ್ರವಾಗಿ ಹುಟ್ಟಿದ ಗುಂಪುಗಳಲ್ಲಿ ಅದೇ ಜೀನ್‌ಗಳ ನಕಲು ಮತ್ತೆ ಮತ್ತೆ ಕಳೆದಿದ್ದವು.