ಒಬ್ಬ ಜಡ್ಜ್ ಹಿಂದೆ ಸರಿದಿದ್ದಕ್ಕೆ ಅಮೆರಿಕದ ಅಧ್ಯಕ್ಷರೇ ಬದಲಾದರಾ?

ಪ್ರಶ್ನೆ: 1877ರಲ್ಲಿ ಡೇವಿಡ್ ಡೇವಿಸ್ ಎಂಬ ಜಡ್ಜ್ ಸುಪ್ರೀಂ ಕೋರ್ಟ್ ಬಿಟ್ಟು ಸೆನೆಟ್‌ಗೆ (ಅಲ್ಲಿನ ಸಂಸತ್ತಿನ ಮೇಲ್ಮನೆಗೆ) ಹೋಗಿದ್ದರಿಂದಲೇ ಹೇಯ್ಸ್ ಅಧ್ಯಕ್ಷರಾದರು ಅಂತಾರಲ್ಲ, ನಿಜವಾ?

ಉತ್ತರ: ಮುಕ್ಕಾಲು ಪಾಲು ನಿಜ.

ಡೇವಿಸ್ ಇಲಿನಾಯ್‌ನ ಬ್ಲೂಮಿಂಗ್ಟನ್ನಿನಲ್ಲಿ ವಕೀಲರಾಗಿದ್ದವರು. 1844ರಲ್ಲಿ ಶಾಸಕರಾದರು, 1848ರಲ್ಲಿ ಸರ್ಕ್ಯೂಟ್ ಜಡ್ಜ್. ಆಗ ಕೋರ್ಟೇ ಊರೂರು ಸುತ್ತುತ್ತಿತ್ತು. ಜಡ್ಜ್ ಮುಂದೆ, ವಕೀಲರ ದಂಡು ಹಿಂದೆ. ಕೆಸರು ರಸ್ತೆ, ಕುದುರೆ ಗಾಡಿ, ಸಿಕ್ಕಿದ ಛತ್ರದಲ್ಲಿ ಊಟ. ಡೇವಿಸ್ ತೂಕ ಸುಮಾರು 135 ಕೆಜಿ. ಆ ಗಾಡಿ ಎಳೆದ ಕುದುರೆಗಳದ್ದೇ ಒಂದು ಕಥೆ ಬರೀಬೇಕು! ಆ ದಂಡಿನಲ್ಲಿದ್ದ ಉದ್ದ ಕಾಲಿನ ವಕೀಲರೇ ಲಿಂಕನ್. ಡೇವಿಸ್ ಇಲ್ಲದ ದಿನ ಎಷ್ಟೋ ಸಲ ಅವರ ಜಾಗದಲ್ಲಿ ಕೂತು ಕೇಸು ಕೇಳಿದ್ದೂ ಉಂಟು. 1860ರಲ್ಲಿ ಲಿಂಕನ್‌ಗೆ ರಿಪಬ್ಲಿಕನ್ ಟಿಕೆಟ್ ಕೊಡಿಸಲು ಶಿಕಾಗೋದಲ್ಲಿ ಓಡಾಡಿದ್ದು ಇದೇ ಡೇವಿಸ್. ಎರಡು ವರ್ಷಕ್ಕೆ ಲಿಂಕನ್ ಅವರನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದರು.

ಹಾಗಂತ ಡೇವಿಸ್ ಹಂಗಿನ ಮನುಷ್ಯ ಆಗಲಿಲ್ಲ. ಸಾಮಾನ್ಯ ಕೋರ್ಟುಗಳು ತೆರೆದಿರುವ ಕಡೆ ಪ್ರಜೆಗಳನ್ನು ಸೇನೆಯ ಕೋರ್ಟಿನಲ್ಲಿ ವಿಚಾರಿಸುವಂತಿಲ್ಲ ಅಂತ 1866ರಲ್ಲಿ ತೀರ್ಪು ಬರೆದರು. ತಪ್ಪು ಅಂದಿದ್ದು ಲಿಂಕನ್ ಕಾಲದ ಕ್ರಮವನ್ನೇ. ಇವರು ಯಾರ ಕಡೆಯವರೂ ಅಲ್ಲ ಅನ್ನೋ ನಂಬಿಕೆ ಹುಟ್ಟಿದ್ದು ಸುಮ್ನೆ ಅಲ್ಲ.

1876ರ ಚುನಾವಣೆಯಲ್ಲಿ ಗೆಲ್ಲಲು 185 ಎಲೆಕ್ಟರ್‌ಗಳ, ಅಂದರೆ ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ, ಮತ ಬೇಕಿತ್ತು. ಡೆಮಾಕ್ರಟ್ ಟಿಲ್ಡೆನ್‌ಗೆ 184, ರಿಪಬ್ಲಿಕನ್ ಹೇಯ್ಸ್‌ಗೆ 165. ಉಳಿದ 20ಕ್ಕೆ ಜಗಳ. ಅದನ್ನು ತೀರಿಸಲು 15 ಜನರ ಆಯೋಗ ಮಾಡಿದರು: ಕೆಲವು ಜಡ್ಜ್‌ಗಳೂ ಸೇರಿ ಎರಡೂ ಪಕ್ಷದ ಕಡೆಯವರು ಏಳೇಳು, ಹದಿನೈದನೆಯವರು ಡೇವಿಸ್ ಆಗ್ತಾರೆ ಅಂತ ಎಲ್ಲರ ಲೆಕ್ಕ.

ಅಷ್ಟರಲ್ಲೇ, ಜನವರಿಯಲ್ಲಿ, ಇಲಿನಾಯ್ ಶಾಸಕರು ಅವರನ್ನು ಸೆನೆಟ್‌ಗೆ ಆರಿಸಿಬಿಟ್ಟರು, ಅದೂ ಡೆಮಾಕ್ರಟರ ಮತದಿಂದ! ಪಾಪ, ಡೆಮಾಕ್ರಟರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು. ಡೇವಿಸ್ ಆಯೋಗ ಬೇಡ ಅಂದರು. ಆಯೋಗಕ್ಕೆ ಸೇರದೆ ಕೋರ್ಟಿನಲ್ಲಿ ಉಳಿದ ಜಡ್ಜ್‌ಗಳೆಲ್ಲ ರಿಪಬ್ಲಿಕನ್ನರೇ. ಅವರಲ್ಲಿ ಬ್ರ್ಯಾಡ್ಲಿ ಬಂದರು. ಪ್ರತಿ ಸಲವೂ 8-7. ಇಪ್ಪತ್ತೂ ಹೇಯ್ಸ್‌ಗೆ.

ಹಾಗಾದರೆ ಮುಕ್ಕಾಲು ಯಾಕೆ ಅಂದೆ? ಡೇವಿಸ್ ಮಾರ್ಚ್ 4ರವರೆಗೂ ಜಡ್ಜ್ ಆಗಿಯೇ ಇದ್ದರು. ಆಯೋಗದಲ್ಲಿ ಕೂರಬಹುದಿತ್ತು, ಕೂರಲಿಲ್ಲ. ಸೆನೆಟ್ ಒಂದು ನೆಪ, ಅಂತ ನನಗನಿಸುತ್ತೆ. ಕೂತಿದ್ದರೂ ಟಿಲ್ಡೆನ್ ಕಡೆಗೇ ವಾಲುತ್ತಿದ್ದರು ಅಂತ ಹೇಳೋಕಾಗಲ್ಲ.

ತಮಾಷೆ ಏನಂದ್ರೆ, 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ಗುಂಡೇಟಿನಿಂದ ತೀರಿಕೊಂಡಾಗ ಉಪಾಧ್ಯಕ್ಷ ಆರ್ಥರ್ ಮೇಲೇರಿದರು. ಡೇವಿಸ್‌ರನ್ನು ಸೆನೆಟ್‌ನ ಹಂಗಾಮಿ ಸಭಾಪತಿ ಮಾಡಿದರು. ಆರ್ಥರ್‌ಗೆ ಏನಾದರೂ ಆದರೆ ಮುಂದಿನ ಸರದಿ ಡೇವಿಸ್‌ರದೇ. ಅಧ್ಯಕ್ಷರನ್ನು ಆರಿಸೋ ಕೆಲಸವೇ ಬೇಡ ಅಂದವರು, ಸುಮಾರು ಒಂದೂವರೆ ವರ್ಷ ಆ ಕುರ್ಚಿಯ ಪಕ್ಕದಲ್ಲೇ ಇದ್ದರು.